ಅಳಿಸಿದವರಿಗೆ ಒಂದು ಪ್ರಶ್ನೆ

ಹೊಸಪೇಟೆಯಲ್ಲಿ ನಮಗೆ ಆನ್‌ಲೈನ್ ವಿಶ್ವಕೋಶಕ್ಕೆ ಬರೆಯಲು ಕಲಿಸುತ್ತಿದ್ದ ಮೇಷ್ಟರು ಕೀಬೋರ್ಡ್ ಮುಟ್ಟದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದರು. "ನೀವಽ ಒತ್ರಿ, ಕೆಟ್ರ ಸರಿ ಮಾಡಾಕ ಬರ್ತೈತಿ" ಎನ್ನುವುದೇ ಅವರ ಪಾಠ.

ಕಂಪ್ಲಿಯ ಅಕ್ಕಿ ಗಿರಣಿಗಳ ಬಗ್ಗೆ ನಮ್ಮ ಜೊತೆ ಕಲಿಯುತ್ತಿದ್ದ ಆ ಊರಿನ ಅಕ್ಕನೊಬ್ಬರು ಬರೆದ ಮೊದಲ ಪುಟವನ್ನು ಯಾರೋ ಹಳೆಯ ಸಂಪಾದಕರು ಕಾರಣ ಹೇಳದೆ ಅಳಿಸಿಹಾಕಿದರು. "ಇದು ನನ್ನಂಥವ್ರಿಗಲ್ಲ ಬಿಡ್ರಿ ಸರ್" ಎಂದು ಆಕೆ ಹೊರಟು ನಿಂತರು. ಅಳಿಸಿದವರ ವಿರುದ್ಧ ನಾನು ಸಿಡಿದೆದ್ದೆ.

"ಬೈದ್ರ ಪುಟ ವಾಪಸ್ ಬರ್ತೈತೇನಲೇ? ಕೇಳೋಣು ತಡಿ" ಎಂದ ಮೇಷ್ಟರು, ಸಂಪಾದಕರು ಮಾತಾಡಿಕೊಳ್ಳುವ ಚರ್ಚಾಪುಟದಲ್ಲಿ ನನ್ನಿಂದ ಬರೆಸಿದರು: "ಬರೆದ ಮಾಹಿತಿಗೆ ಆಧಾರ ಕೊಟ್ಟಿರಲಿಲ್ಲ, ಅದು ನಮ್ಮ ತಪ್ಪು. ಹೊಸಬರಿಗೆ ಅದನ್ನು ತಿಳಿಸದೆ ಅಳಿಸಿದ್ದು ಯಾರ ತಪ್ಪು?"

ಅಕ್ಕ ಅದನ್ನು ನಿಂತೇ ಓದಿದರು.

"ಹಳೇ ಪೇಪರ್‌ನ್ಯಾಗ ನಮ್ಮ ಗಿರಣಿ ಸುದ್ದಿ ಬಂದಿರ್ತೈತಲ್ರಿ ಸರ್? ನಡ್ರಿ, ಲೈಬ್ರರಿ ಮುಚ್ಚೋದ್ರೊಳಗ ಹೋಗೋಣು."