ಹಿಮ್ಮೇಳವಿಲ್ಲದ ಪರೀಕ್ಷೆ

ನಮ್ಮ ಮನೆಯಲ್ಲಿ ಈಗ ಯಾರೂ ಜೋರಾಗಿ ಒಗ್ಗರಣೆ ಹಾಕುವಂತಿಲ್ಲ. ಮೊಮ್ಮಗಳು ದೀಪಾ ಸಿ.ಎ. ಪರೀಕ್ಷೆಗೆ ಓದುತ್ತಿದ್ದಾಳೆ. ಮೆಣಸಿನಕಾಯಿ ಘಾಟಿಗೆ ಒಂದು ಸೀನು ಬಂದರೆ ಓದಿದ್ದೆಲ್ಲ ಹಾರಿಹೋಗುತ್ತದಂತೆ. ಟಿ.ವಿ. ಬಂದ್, ಗೆಳತಿಯರು ಬಂದ್. ದಿನಾ ಸಂಜೆ ನನ್ನ ಜೊತೆ ಚೌಕಾಬಾರ ಆಡಿ, ಮೋಸ ಮಾಡಿ, ಗೆಲ್ಲುತ್ತಿದ್ದವಳು ಅದನ್ನೂ ಬಿಟ್ಟಿದ್ದಾಳೆ. "ಪಾಸಾಗೋ ತನಕ ಏನೂ ಇಲ್ಲ ಆಯಿ" ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಗುಣುಗುಣು ಕೇಳುತ್ತದೆ. ಒಂದು ಸಾಲು ಹೇಳುತ್ತಾಳೆ, ನಿಲ್ಲುತ್ತಾಳೆ, ಮತ್ತೆ ಅದೇ ಸಾಲಿಗೆ ಬರುತ್ತಾಳೆ. ಮೊನ್ನೆ ಅದನ್ನು ಕೇಳುತ್ತ ಹೊರಗೆ ಕುಳಿತಿದ್ದ ನನಗೆ ನಗು ಬಂತು. ನಕ್ಕರೂ ಓದು ಕೆಡುತ್ತದೆಯಲ್ಲ, ಸೆರಗು ಬಾಯಿಗಿಟ್ಟುಕೊಂಡೆ.

ಇದೇ ಬೀದರಿನಲ್ಲಿ, ಬಾಡಿಗೆಯ ಎರಡು ಖೋಲಿಯ ಮನೆಯಲ್ಲಿ, ಇದೇ ಗುಣುಗುಣುವನ್ನು ನಾನು ಕೇಳಿದ್ದೆ. ಆಗ ಗುಣುಗುಟ್ಟುತ್ತಿದ್ದವರು ನಮ್ಮ ಯಜಮಾನರು.

ಇವರು ನಿಜಾಮರ ಕಾಲದಲ್ಲಿ ಉರ್ದು ಕಲಿತವರು. ಆ ವಿದ್ಯೆಯ ಮೇಲೆಯೇ ಖಜಾನೆ ಕಚೇರಿಯಲ್ಲಿ ನೌಕರಿಯೂ ಸಿಕ್ಕಿತ್ತು. ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಊರಿಗೆಲ್ಲ ಪೇಢೆ ಹಂಚಿದರು. ಇವರೂ ಎರಡು ತಿಂದು ಬಂದರು. ಪೇಢೆಯ ಹಿಂದೆಯೇ ಕನ್ನಡದ ಹೊಸ ಕಾಯ್ದೆ ಪುಸ್ತಕ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಅದನ್ನು ಓದಿ ಇಲಾಖೆಯ ಪರೀಕ್ಷೆ ಪಾಸಾದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಗೆ. ಮೂರು ಸಲ ಕೂರಬಹುದು, ಅಷ್ಟೇ.

ಮನೆಗೆ ಎಂದರೆ ಔರಾದಿಗೆ, ನಮ್ಮ ಭಾವನವರ ಮನೆಗೆ. ಆ ಮನೆಯಲ್ಲಿ ಅಡುಗೆಮನೆ ನನ್ನ ನೆಗೆಣ್ಣಿಯದು. ಕೆಟ್ಟವಳಲ್ಲ ಪಾಪ, ಆದರೆ ನಾನು ಹಾಕಿದ ಉಪ್ಪಿನ ಮೇಲೆ ಅವಳೂ ಒಂದು ಚಿಟಿಕೆ ಹಾಕದೆ ಪಲ್ಯ ಇಳಿಯುತ್ತಿರಲಿಲ್ಲ. ಭಾಲ್ಕಿಯ ತವರಿನಿಂದ ಮದುವೆಯಾಗಿ ಬಂದಾಗಿನಿಂದ ಉಪ್ಪು ಹೆಚ್ಚಾದ ಪಲ್ಯ ತಿಂದು ತಿಂದು, ಕಡೆಗೆ ಬೀದರಿಗೆ ಬಂದು ನನ್ನದೇ ಒಂದು ಒಲೆ ಹೂಡಿದ್ದೆ. ಆ ಒಲೆಗೆ ನಾನೇ ಮಣ್ಣು ಮೆತ್ತಿದ್ದೆ. ಕಾಯ್ದೆ ಪುಸ್ತಕ ಇವರದಾದರೂ ಪರೀಕ್ಷೆ ನನ್ನದೂ ಆಗಿತ್ತು, ನೋಡಿ.

ಇವರ ಜೀವ ಇದ್ದದ್ದು ಭಜನೆಯಲ್ಲಿ. ಸೋಮವಾರ ಸಂಜೆ ಮಠದಲ್ಲಿ ತಾಳ ಹಿಡಿದು ನಿಂತರೆ, ಕಚೇರಿಯಲ್ಲಿ ಕೆಮ್ಮಲೂ ಹೆದರುವ ಮನುಷ್ಯ ಇವರೇನಾ ಎನ್ನಬೇಕು, ಹಾಗೆ ಹಾಡುತ್ತಿದ್ದರು. ಮೊದಲನೆಯ ಸಲ ಫೇಲಾದಾಗ ತಪ್ಪೆಲ್ಲ ತಾಳದ ತಲೆಗೆ ಬಂತು. ತಾಳವನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, "ಪಾಸಾಗೋ ತನಕ ಭಜನಿ ಬಂದ್" ಎಂದು ಶಪಥ ಮಾಡಿದರು. ಶಪಥ ಮಾಡುವಾಗಿನ ಮುಖ ಎಷ್ಟು ಗಂಭೀರವಾಗಿತ್ತೆಂದರೆ ನಾನೇ ನಂಬಿಬಿಟ್ಟೆ.

ಆಮೇಲೆ ಶುರುವಾಯಿತು ತಪಸ್ಸು. ಬೆಳಿಗ್ಗೆ ಎದ್ದು, ವಿಭೂತಿ ಹಚ್ಚಿ, ಗೋಡೆಗೆ ಮುಖಮಾಡಿ ಕೂರುವುದು. ಆ ಪುಸ್ತಕದ ಕನ್ನಡವೋ! ವಾಕ್ಯ ಭಾಲ್ಕಿಯಲ್ಲಿ ಹೊರಟರೆ ಕ್ರಿಯಾಪದ ಔರಾದಿನಲ್ಲಿ ಸಿಗುತ್ತಿತ್ತು. ನಡುವೆ ಎಲ್ಲೋ ಇವರು ತೂಕಡಿಸಿ ಇಳಿದುಬಿಡುತ್ತಿದ್ದರು. ನಾನಾದರೂ ಸುಮ್ಮನಿದ್ದೆನೇ? ಬುದ್ಧಿ ಚುರುಕಾಗಲೆಂದು ಬಿಸಿ ರೊಟ್ಟಿಗೆ ತುಪ್ಪ ಸುರಿದೆ, ಬಾದಾಮಿ ತೇಯ್ದು ಹಾಲಿಗೆ ಹಾಕಿದೆ. ಚುರುಕಾದದ್ದು ಗೊರಕೆ. ಇವರು ತೂಕಡಿಸಿದಾಗೆಲ್ಲ ನಾನು ಅಡುಗೆಮನೆಯಲ್ಲಿ ಪಾತ್ರೆ ಬೀಳಿಸುತ್ತಿದ್ದೆ. ನಮ್ಮ ಮನೆಯ ಹಿತ್ತಾಳೆ ತಂಬಿಗೆಗಳೆಲ್ಲ ಸೊಟ್ಟಗಾದದ್ದು ಮೈಸೂರು ಸರ್ಕಾರದ ಕಾಯ್ದೆಯಿಂದ ಎಂದರೆ ಯಾರು ನಂಬುತ್ತಾರೆ!

ಇಷ್ಟೆಲ್ಲ ಆಗಿ ಎರಡನೆಯ ಸಲವೂ ಫೇಲು. ಅಂದು ಇವರು ಉಣ್ಣಲಿಲ್ಲ. "ಔರಾದಕ್ಕ ಹೋಗಮು. ಅಣ್ಣನ ಜೋಡಿ ಹೊಲಾ ನೋಡ್ಕೋತೇನಿ" ಎಂದು ಗೋಡೆಗೆ ಹೇಳಿದರು. ನನಗೆ ಕಂಡದ್ದು ನೆಗೆಣ್ಣಿಯ ಉಪ್ಪಿನ ಮರಿಗೆ. ಸಿಟ್ಟು ಎಲ್ಲಿತ್ತೋ ಬಂತು. ಟ್ರಂಕು ತೆಗೆದು, ತಾಳ ಬಿಚ್ಚಿ, ಕಾಯ್ದೆ ಪುಸ್ತಕದ ಮೇಲೆ ಇಟ್ಟೆ.

"ಭಜನಿ ಬಿಟ್ಟು ಫೇಲಾದದ್ದು ನೋಡಿದ್ವಿ. ಇನ್ನ ಭಜನಿ ಮಾಡ್ಕೋತಾನೇ ಫೇಲಾಗ್ರಿ. ನಿಮ್ಮ ಮಾರಿಮ್ಯಾಲ ಸ್ವಲ್ಪ ಕಳಿನಾದ್ರೂ ಬರ್ತದ" ಎಂದೆ.

ಇವರು ತಾಳವನ್ನು ನೋಡಿದರು, ನನ್ನನ್ನು ನೋಡಿದರು. ಶಪಥ ಮುರಿಯಲು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಸೋಮವಾರ ಮಠಕ್ಕೆ ಹೋದರು. ಭಜನೆಯ ಹಿರಿಯರು ಶಾಂತಪ್ಪ ಕಾಕಾ, ಅರಿವೆ ಅಂಗಡಿಯವರು. ಕಷ್ಟವನ್ನೆಲ್ಲ ಕೇಳಿ, "ಹಾಡಿನ ಸಾಲು ನಿಮಗ ಎಂದಾದ್ರೂ ಮರ್ತದೇನ್ರಿ? ಮತ್ತ ಆ ಕಾಯ್ದೇನೂ ಹಾಡಿಬಿಡ್ರಿ. ನಾವು ಹಿಂದ ಅಂತೇವಿ" ಎಂದರಂತೆ. ತಮಾಷೆಗೆ ಹೇಳಿದ ಮಾತು. ಇವರು ಅದನ್ನೇ ಹಿಡಿದರು.

ಮಠದಲ್ಲಿ ದೇವರ ಪದಗಳೆಲ್ಲ ಮುಗಿದು ಮಂಗಳಾರತಿಯಾದ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಸರ್ಕಾರದ ಪದಗಳು. ಇವರು ತಾಳ ತಟ್ಟಿ "ಮಂಜೂರಿ ಇಲ್ಲದೆ ಖರ್ಚಿಲ್ಲಾ" ಎಂದು ಎತ್ತಿಕೊಂಡರೆ, ಹಿಂದಿನವರೆಲ್ಲ "ಖರ್ಚಿಲ್ಲಾ" ಎನ್ನುತ್ತಿದ್ದರು. "ರಸೀದಿ ಇಲ್ಲದೆ ಪಾವತಿ ಇಲ್ಲಾ" ಎಂದರೆ "ಪಾವತಿ ಇಲ್ಲಾ." ಶಾಂತಪ್ಪ ಕಾಕಾ ಕಣ್ಣು ಮುಚ್ಚಿ ತಲೆದೂಗಿ, "ಎಂಥ ವೈರಾಗ್ಯ ಅದರೀ ಇದರಾಗ!" ಎಂದು ನಿಟ್ಟುಸಿರಿಟ್ಟದ್ದನ್ನು ನಾನೇ ಕಂಡಿದ್ದೇನೆ. ಒಳಗಿನಿಂದ ನಾನೂ ರೊಟ್ಟಿ ಬಡಿಯುತ್ತ "ಇಲ್ಲಾ" ಎನ್ನುತ್ತಿದ್ದೆ. ಅರ್ಥ ಕೇಳಬೇಡಿ. ಹಿಂದೆ ಅಷ್ಟು ಜನ ಮುಂದಿನ ಸಾಲಿಗೆ ಬಾಯಿ ತೆರೆದು ಕೂತಿರುವಾಗ ತೂಕಡಿಸುವುದಾದರೂ ಹೇಗೆ? ಗೋಡೆ ಯಾವತ್ತೂ ಮುಂದಿನ ಸಾಲು ಕೇಳುವುದಿಲ್ಲ. ಓದಿನಲ್ಲಿ ಮನಸ್ಸು ನಿಲ್ಲುವುದು ಹೇಗೆಂದು ದೊಡ್ಡವರು ಏನೇನೋ ಬರೆಯುತ್ತಾರೆ. ನನಗೆ ತಿಳಿದದ್ದು ಇಷ್ಟೇ.

ಮೂರನೆಯ ಪರೀಕ್ಷೆಯ ದಿನ ಇವರಿಗೆ ಮೊಸರು ಸಕ್ಕರೆ ಕೊಟ್ಟು ಕಳಿಸಿದೆ. ಸಂಜೆ ಬಂದವರ ಮುಖ ನೋಡಿ ನನ್ನ ಜೀವ ಹಾರಿತು.

"ಎಲ್ಲಾ ಬರ್ತಿತ್ತು. ಒಂದ್ ಸಾಲು ಬರೆದೆ. ಆಮ್ಯಾಲ ಸುಮ್ನ ಕುಂತೆ" ಎಂದರು.

"ಯಾಕ್ರಿ?"

"ಹಿಂದ ಯಾರೂ ಅನ್ಲಿಲ್ಲಲ್ಲ!"

ಭಜನೆಯಲ್ಲಿ ಹಿಂದಿನವರು ಅನ್ನುವ ಹೊತ್ತಿಗೇ ಅಲ್ಲವೇ ಮುಂದಿನ ಸಾಲು ನೆನಪಾಗುವುದು? ಪರೀಕ್ಷೆಯ ಕೋಣೆಯಲ್ಲಿ ಹಿಮ್ಮೇಳ ಎಲ್ಲಿಂದ ಬರಬೇಕು? ಇವರು ಕೂತು ಕೂತು, ಕಡೆಗೆ ಡೆಸ್ಕಿನ ಮೇಲೆ ಬೆರಳಿನಿಂದ ತಾಳ ತಟ್ಟಿಕೊಂಡು, ಮೆಲ್ಲಗೆ ತಾವೇ "ಖರ್ಚಿಲ್ಲಾ" ಅಂದುಕೊಂಡರಂತೆ. ಮುಂದಿನ ಸಾಲು ತಟ್ಟನೆ ಬಂತು. ಕಾವಲಿಗಿದ್ದ ಸಾಹೇಬರೂ ಬಂದರು.

"ಏನ್ರಿ, ಯಾರ ಜೋಡಿ ಮಾತಾಡ್ಲತ್ತೀರಿ?"

"ಯಾರೂ ಇಲ್ರಿ ಸಾಹೇಬ್ರ. ಅದೇ ತೊಂದ್ರಿ ಆಗ್ಯಾದ್ರಿ" ಎಂದರಂತೆ ನಮ್ಮವರು.

ಆ ಸಾಹೇಬರು ಪುಣ್ಯಾತ್ಮರು. ಅತ್ತಿತ್ತ ನೋಡಿ, "ಬಾಯಿ ಬಂದ್ ಇಟ್ಟು ತಟ್ಕೋರಿ" ಎಂದು ಹೋದರಂತೆ. ಇವರು ಮನಸ್ಸಿನಲ್ಲೇ ಭಜನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿಕೊಂಡು, ಅವರ ದನಿಯಲ್ಲಿ ಹಿಂದಿನ ಸಾಲು ಹೇಳಿಸಿ ಬರೆದರು. "ನಿಂದೂ ದನಿ ಇತ್ತು" ಎಂದು ಆಮೇಲೆ, ಬೇರೆ ಕಡೆ ನೋಡುತ್ತ ಹೇಳಿದರು. ಅದಕ್ಕಿಂತ ದೊಡ್ಡ ಪ್ರೀತಿಯ ಮಾತು ಅವರ ಬಾಯಿಂದ ನಾನು ಕೇಳಿಲ್ಲ.

ಫಲಿತಾಂಶ ಬಂದ ದಿನ ನಾನು ಒಲೆಯ ಮುಂದಿದ್ದೆ. ಬಾಗಿಲಲ್ಲಿ ನಿಂತು ಇವರು "ಮಂಜೂರಿ ಇಲ್ಲದೆ ಖರ್ಚಿಲ್ಲಾ" ಎಂದು ಎತ್ತಿದರು. ದನಿ ಕೇಳಿಯೇ ತಿಳಿಯಿತು. ನಾನು "ಖರ್ಚಿಲ್ಲಾ" ಅನ್ನಲು ಹೋಗಿ ಅತ್ತುಬಿಟ್ಟೆ. ಹೊಗೆಗೆ ಕಣ್ಣೀರು ಬಂತೆಂದು ಸುಳ್ಳು ಹೇಳುವುದಿಲ್ಲ, ನನ್ನ ಒಲೆ ನನಗೆ ಉಳಿಯಿತೆಂದು ಅತ್ತೆ. ಅಂದಿನ ಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತೆ. ಇವರು ಏನೂ ಅನ್ನದೆ ಉಂಡರು.

ಇವರು ಹೋಗಿ ಬಹಳ ವರ್ಷವಾಯಿತು. ಮೊದಮೊದಲು ನಾನೂ ಏನೋ ಒಂದು ಮಾತು ಹೇಳಿ, ಸುಮ್ಮನೆ ನಿಂತುಬಿಡುತ್ತಿದ್ದೆ. ಆಗಲೇ ನನಗೆ ಇವರು ಪರೀಕ್ಷೆಯ ಕೋಣೆಯಲ್ಲಿ ಪಟ್ಟ ಕಷ್ಟ ಸರಿಯಾಗಿ ತಿಳಿದದ್ದು. ಅಲ್ಲಿಯವರೆಗೆ ಬರೀ ನಕ್ಕಿದ್ದೆ.

ಮೊನ್ನೆ ದೀಪಾ ಒಳಗೆ ಮತ್ತೆ ಅದೇ ಸಾಲಿಗೆ ಬಂದಳು. ಉದ್ದನೆಯ ಇಂಗ್ಲಿಷು, ನನಗೆ ಸಿಕ್ಕಿದ್ದು ಕೊನೆಯ ಒಂದು ಶಬ್ದ, "ಕಂಟ್ರೋಲ್". ಅಲ್ಲಿಗೆ ನಿಂತಳು. ನಾನು ಸೆರಗು ಬಾಯಿಂದ ತೆಗೆದು, ಕೈಗೆ ಸಿಕ್ಕ ಚಮಚೆಯಿಂದ ತಟ್ಟೆಗೆ ತಟ್ಟಿ, ಭಜನೆಯ ಧಾಟಿಯಲ್ಲೇ ಎಳೆದೆ: "ಕಂಟ್ರೋಲಾ..."

ಬೈಗುಳಕ್ಕೆ ತಯಾರಾಗಿ ಕೂತೆ.

ಬಾಗಿಲು ತೆರೆಯಿತು. ಪುಸ್ತಕ ಹಿಡಿದುಕೊಂಡು ಬಂದು, ನಾವು ಚೌಕಾಬಾರ ಆಡುತ್ತಿದ್ದ ಜಾಗದಲ್ಲಿ ನನ್ನೆದುರು ಕಾಲು ಮಡಿಚಿ ಕೂತಳು.

"ಮುಂದಿನ ಸಾಲು ಹೇಳ್ತೇನಿ ಆಯಿ" ಎಂದಳು. "ನೀ ಹಿಂದ ಅನ್ನು."