ಬರ್ಮಾದ ದಾರಿಯಲ್ಲಿ ಬಿದ್ದವರು

ಶರತ್ಕಾಲ ಬಂತೆಂದರೆ ನಮ್ಮ ಮನೆ ಮಾಲೀಕರ ಕೆನ್ನೆಗಳು ಗುಳಿಬೀಳುತ್ತಿದ್ದವು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಅಂಗಿ ಜೋತಾಡುತ್ತಿತ್ತು. ನಾವು ಸಂಶೋಧನೆಯ ಕೆಲಸಕ್ಕೆಂದು ಜಪಾನಿನ ಕಾಶಿವಾಕ್ಕೆ ಬಂದ ಹೊಸದರಲ್ಲಿ, ವಿದೇಶಿಯರೆಂದು ಹಲವರು ತಲೆಬಾಗಿಸಿ ನಯವಾಗಿ ಸಾಗಹಾಕಿದ ಮೇಲೆ, ಬೀಗದ ಕೈ ಕೊಟ್ಟವರು ಇವರೊಬ್ಬರೇ. ಇಲ್ಲಿನ ರೂಢಿಯಂತೆ ಅವರನ್ನು ಓಯಾಸಾನ್, ಅಂದರೆ ಮನೆಯ ಯಜಮಾನರು, ಎಂದೇ ಕರೆಯುತ್ತಿದ್ದೆವು.

“ಅವರಿಗೆ ಹುಷಾರಿಲ್ವೇನೋ, ಸ್ವಲ್ಪ ಚಿತ್ರಾನ್ನ ಕೊಟ್ಟು ಬರ್ತೀನಿ,” ಎಂದು ಕೆಳಗಿಳಿದು ಹೋದ ನನ್ನ ಹೆಂಡತಿ ಡಬ್ಬಿಯ ಸಮೇತ ಹಿಂದಿರುಗಿದಳು. “ಸುಮಿಮಾಸೆನ್, ಕ್ಷಮಿಸಿ, ಭಾನುವಾರ ಕಳೆಯಲಿ,” ಎಂದರಂತೆ.

ಕಾರಣ ಆಮೇಲೆ ತಿಳಿಯಿತು. ವರ್ಷಕ್ಕೊಮ್ಮೆ ಹವ್ಯಾಸಿಗಳ ತಂಡವೊಂದು ಹಳೆಯ ಸಮವಸ್ತ್ರ ತೊಟ್ಟು, ನದಿಯಂಚಿನ ಬಯಲಿನಲ್ಲಿ ಮಹಾಯುದ್ಧದ ಸನ್ನಿವೇಶಗಳನ್ನು ಅಭಿನಯಿಸುತ್ತಿತ್ತು. ಉಳಿದವರಿಗೆ ಬಂದೂಕು, ಹೊಗೆ, ದಾಳಿ ಬೇಕು. ಓಯಾಸಾನ್ ಕೇಳಿ ಪಡೆಯುತ್ತಿದ್ದ ಪಾತ್ರ ಒಂದೇ: ಬರ್ಮಾದಿಂದ ಹಿಮ್ಮೆಟ್ಟುವಾಗ ಹಸಿವಿನಿಂದ ದಾರಿಬದಿ ಕುಸಿಯುವ ಸೈನಿಕ. ಅವರ ತಂದೆ ಆ ದಾರಿಯಲ್ಲಿ ನಡೆದು ಬದುಕಿ ಬಂದವರು. “ಹೊಟ್ಟೆ ತುಂಬಿದ ಮುಖ ಹೊತ್ತು ಅಲ್ಲಿ ಮಲಗಿದರೆ ಸತ್ತವರಿಗೆ ಅವಮಾನ,” ಎನ್ನುತ್ತಿದ್ದರು.

ತಂದೆ ಮಾತ್ರ ಯುದ್ಧದ ಬಗ್ಗೆ ಮಗನೆದುರು ಎಂದೂ ಬಾಯಿಬಿಟ್ಟವರಲ್ಲ. ವಯಸ್ಸು ನೂರರ ಹತ್ತಿರ ಬಂದಾಗ, ಒಂದು ವರ್ಷ ತಾವಾಗಿಯೇ, ನಾನೂ ಬರುತ್ತೇನೆ ಎಂದರು. ಗಾಲಿಕುರ್ಚಿ ತಳ್ಳುವ ಕೆಲಸ ನನ್ನದಾಯಿತು.

ಮಣ್ಣಿನ ದಾರಿಯಲ್ಲಿ ಸೈನಿಕ ವೇಷದವರು ಕಾಲೆಳೆಯುತ್ತ ಸಾಗಿದರು. ಓಯಾಸಾನ್ ಬಿದ್ದರು. ಮುದುಕರು ಕೈಯೆತ್ತಿ, ಕುರ್ಚಿಯನ್ನು ಅವರ ಪಕ್ಕಕ್ಕೆ ಒಯ್ಯುವಂತೆ ಸನ್ನೆ ಮಾಡಿದರು. ಮಡಿಲಲ್ಲಿದ್ದ ಚಹದ ಬಾಟಲಿ ತೆರೆದು, ಬಾಗಿ, ಮಗನ ಬಾಯಿಗೆ ಹಿಡಿದರು. ಅರ್ಧ ಚಹ ಕುತ್ತಿಗೆಗೆ ಚೆಲ್ಲಿತು.

“ಅವತ್ತು ನೀನು ನೀರು ಕೇಳಿದೆ. ನನ್ನ ಹತ್ತಿರ ಇತ್ತು. ನಾನು ನಿಲ್ಲಲಿಲ್ಲ,” ಎಂದರು. ಆಮೇಲೆ ಹೆಸರು ಹಿಡಿದು ಕರೆದರು. ಅದು ಮಗನ ಹೆಸರಲ್ಲ.

ಓಯಾಸಾನ್ ಕಣ್ಣು ತೆರೆಯಲಿಲ್ಲ. ಬಾಯಿಗೆ ಬಿದ್ದಷ್ಟನ್ನು ಕುಡಿದು ಹಾಗೇ ಮಲಗಿದ್ದರು.

ಏಕೆ ಏಳಲಿಲ್ಲವೆಂದು ಮರುದಿನ ಕೇಳಿದೆ. “ನಾನು ಎದ್ದಿದ್ದರೆ ಅಪ್ಪ ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು, ರಾವ್‌ಸಾನ್?” ಎಂದರು. ತಂದೆ ಆ ಮಾತನ್ನು ಮತ್ತೆ ಎತ್ತಲಿಲ್ಲ; ಆ ಚಳಿಗಾಲದಲ್ಲೇ ತೀರಿಕೊಂಡರು. ಓಯಾಸಾನ್ ಮಾತ್ರ ಪ್ರತಿ ವರ್ಷವೂ ಹೋಗಿ ಅದೇ ದಾರಿಯಲ್ಲಿ ಬೀಳುತ್ತಿದ್ದರು.

ಕಳೆದ ವಸಂತದಲ್ಲಿ ಅವರೂ ಹೃದಯಾಘಾತದಿಂದ ಹೋದರು. ಅಂತ್ಯಕ್ರಿಯೆಗೆ ಒಸಾಕಾದಿಂದ ಮಗಳು ಬಂದಿದ್ದರು. ಅಪ್ಪನ ಈ ಹವ್ಯಾಸ ಕಂಡರಾಗದೆ ವರ್ಷಗಟ್ಟಲೆ ಮನೆಗೆ ಕಾಲಿಡದವರು. ಕಪ್ಪು ಸೂಟು ತೊಟ್ಟು ಬಂದಿದ್ದ ತಂಡದವರನ್ನು ನೋಡಿ, “ಇವರೆಲ್ಲ ಸೇರಿ ಯುದ್ಧವನ್ನು ಆಟ ಮಾಡಿಕೊಂಡರು,” ಎಂದರು. ತಂದೆ ಮಗನ ನಡುವೆ ಅಂದು ಬಯಲಿನಲ್ಲಿ ಕಂಡದ್ದನ್ನು ನನ್ನ ಅರೆಬರೆ ಜಪಾನಿ ಭಾಷೆಯಲ್ಲಿ ಅವರಿಗೆ ಹೇಳಿದೆ. ಆ ಮನೆಯ ಋಣದಲ್ಲಿ ನನ್ನಿಂದಾದದ್ದು ಅಷ್ಟೇ.

ಅವರು ಆರಿಹೋಗಿದ್ದ ಊದಿನಕಡ್ಡಿ ತೆಗೆದು ಹೊಸದೊಂದನ್ನು ಹಚ್ಚಿದರು.

“ಆಮೇಲೆ ಅಪ್ಪ ಅತ್ತರಾ?”

“ಎದ್ದು ಹೋಗಿ, ಬಯಲಿನ ನಲ್ಲಿಯಲ್ಲಿ ತುಂಬ ಹೊತ್ತು ಮುಖ ತೊಳೆದರು,” ಎಂದೆ.