ಗೀಟು ಬಿದ್ದ ಭೌತಶಾಸ್ತ್ರ

ಈ ಜೂನಿನ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದಕ್ಕೆ, ಕುಂದಾಪುರದ ಕಾಲೇಜೊಂದರ ಪದವಿ ಪ್ರವೇಶದ ಕೌಂಟರಿನೆದುರು ಸಾಲಿನಲ್ಲಿ ನಾನು ಮಗಳೊಂದಿಗೆ ಎರಡನೆಯವನಾಗಿ ನಿಂತಿದ್ದೆ. ನನ್ನ ಮುಂದೆ ಹಂಗಾರಕಟ್ಟೆಯ ಮೀನುಗಾರರೊಬ್ಬರು ಮತ್ತು ಅವರ ಮಗಳು. ಭೌತಶಾಸ್ತ್ರದಲ್ಲಿ ತೊಂಬತ್ತಾರು ಅಂಕ ಪಡೆದಿದ್ದ ಹುಡುಗಿ ಆಯ್ಕೆಯ ವಿಷಯದ ಜಾಗದಲ್ಲಿ ಅದನ್ನೇ ಬರೆದಿದ್ದಳು.

ಗುಮಾಸ್ತರು ತಂದೆಯ ಕಸುಬು ಓದಿ, ಕೆಂಪು ಪೆನ್ನಿನಿಂದ ‘ಭೌತಶಾಸ್ತ್ರ’ಕ್ಕೆ ಗೀಟೆಳೆದು ಹುಡುಗಿಯತ್ತ ನೋಡಿದರು. “ಮೀನ್ ಮಾರುಕೆ ಫಿಸಿಕ್ಸ್ ಎಂತಕ್ ಹೆಣೆ? ಬಿ.ಎ. ಸಾಕ್.”

ತಂದೆ ದನಿ ಏರಿಸಲಿಲ್ಲ. “ಹ್ವಾಯ್, ಮೀನ್ ಎಲ್ ಇತ್ತಂದೇಳಿ ತೋರ್ಸು ಮಿಷನ್ ಬೋಟಂಗಿತ್ತ್. ಅದ್ ಫಿಸಿಕ್ಸ್ ಅಲ್ದೆ ಮತ್ತೆಂತ? ಹಾಳಾರೆ ರಿಪೇರಿಗೆ ನೀವ್ ಬತ್ರ್ಯಾ?”

ಹುಡುಗಿ ಗೀಟಿನ ಮೇಲ್ಗಡೆ ಮತ್ತೆ ‘ಭೌತಶಾಸ್ತ್ರ’ ಎಂದು ಬರೆದಳು. ಗುಮಾಸ್ತರು ಫಾರಂ ಬದಿಗಿಟ್ಟು, ನಾಳೆ ಬನ್ನಿ ಎಂದರು.

ಮುಂದಿನ ಫಾರಂ ನನ್ನ ಮಗಳದು. ಅದೇ ವಿಷಯ, ಅರವತ್ತೆಂಟು ಅಂಕ, ತಂದೆಯ ಕಸುಬು ಹೋಟೆಲು. ಒಂದೂ ಪ್ರಶ್ನೆಯಿಲ್ಲದೆ ಸೀಲು ಬಿತ್ತು. ನಾನು ಸೀಲು ಬಿದ್ದ ಫಾರಂ ಮಡಚಿ ಕಿಸೆಗಿಟ್ಟುಕೊಂಡೆ.

ಇದನ್ನು ಕಂಡ ಇನ್ನೊಬ್ಬಳು ನನ್ನ ಮನೆಯಲ್ಲೇ ಇದ್ದಾಳೆ. “ಅಪ್ಪಯ್ಯ, ನೀವ್ ಎಂತಕ್ ಮಾತಾಡ್ಲಿಲ್ಲ?” ಎಂದು ಮನೆಗೆ ಮರಳುವ ಬಸ್ಸಿನಲ್ಲಿ ಮಗಳು ಕೇಳಿದಳು.